ಸ್ಕಾರ್‌ಕಿಲ್ ಮನೆತನದ ಮೊದಲ ಸಮಾಧಿ

೧೯೮೬ರ ಮೇ ೧೨, ಸೋಮವಾರ ಬೆಳಿಗ್ಗೆ ಯಾರ್ಕ್‌ಷೈರ್ ಕಣಿವೆಯ ಹಾರ್ಬೆಕ್ ಠಾಣೆಗೆ ಚರ್ಚಿನ ಉಸ್ತುವಾರಿ ಪ್ರೂಡೆನ್ಸ್ ಫಾಸೆಟ್ ದೂರು ತಂದರು. ಶನಿವಾರ ಚರ್ಚಿನಂಗಳದಲ್ಲಿ ಹುಲ್ಲು ಕೆತ್ತುವಾಗ ಮಣ್ಣಿನಡಿ ಸಿಕ್ಕಿದ್ದ ಸಮಾಧಿಗಲ್ಲು ಕಾಣೆಯಾಗಿತ್ತು.

"ಅದರಲ್ಲೇನು ಕೆತ್ತಿತ್ತು?" ಇನ್ಸ್‌ಪೆಕ್ಟರ್ ಮೆಟ್‌ಕಾಫ್ ಕೇಳಿದ.

"ಥಾಮಸ್ ಸ್ಕಾರ್‌ಕಿಲ್. ಸ್ಕಾರ್‌ಕಿಲ್ ಸುಣ್ಣದ ಗೂಡಿನ ಬಾಯಲ್ಲಿ ಯಾರೋ ಬಿಟ್ಟುಹೋದ ಕೂಸು, ಊರೋರು ಗೂಡಿನ ಹೆಸರನ್ನೇ ಇಟ್ರು ಅಂತ. ಪಬ್ಬಲ್ಲಿ ನಕ್ಕಿದ್ದೇ ನಕ್ಕಿದ್ದು. ಒಂಬೈನೂರು ವರ್ಷದ ಹಿಂದೆ ನಾರ್ಮನ್ ದೊರೆ ಜೊತೆ ಕುದುರೆ ಮೇಲೆ ಬಂದ ವಂಶ ಅಂತ ಕೊಚ್ಕೊಳ್ತಿದ್ರಲ್ವಾ ಆ ಮನೆಯೋರು!"

ಆ ಹೆಸರಿನ ಮನೆ ಇಡೀ ಇಂಗ್ಲೆಂಡಿನಲ್ಲಿ ಒಂದೇ ಉಳಿದಿತ್ತು. ಗಾರೆಯಿಲ್ಲದೆ ಕಲ್ಲುಗೋಡೆ ಕಟ್ಟುವ ಮುದುಕ ಆಂಬ್ರೋಸನದು. ಹೆಸರು ಕೆಡಿಸಿದಳೆಂದು ಮಗಳು ಜೂಡಿತ್‌ಳನ್ನು ಅವನು ಹೊರಗಟ್ಟಿದ್ದು ಊರಿಗೆಲ್ಲ ಗೊತ್ತು. ತಾಯಿಯ ಸಮಾಧಿಗೆ ಹೂವಿಡಲು ಬರುವ ಭಾನುವಾರ ಅವಳು ಬರಲಿದ್ದಳು.

"ನಾನು ಆ ಕಡೆ ತಲೆ ಹಾಕಿಲ್ಲ," ಎಂದ ಆಂಬ್ರೋಸ್, ಮೆಟ್‌ಕಾಫ್ ವಿಚಾರಿಸಿದಾಗ.

ಪ್ರಕರಣ ದಾಖಲಾಯಿತು. ಮಧ್ಯಾಹ್ನ ಚರ್ಚಿನಂಗಳದಲ್ಲಿ ಮಹಜರು. ಕಲ್ಲಿನ ಒಂದು ಚೂರೂ ಸಿಗಲಿಲ್ಲ. ಕುರಿ ಸಾಕುವವರ ಮನೆಯಿಂದ ಬಂದ ಕಾನ್‌ಸ್ಟೆಬಲ್ ಎಲ್ಸಿ ಬಡಗಣ ಗೋಡೆಯ ಬಳಿ ನಿಂತಳು.

"ಸರ್, ಚಳಿಗಾಲದಲ್ಲಿ ಕುಸಿದಿದ್ದ ಕಂಡಿ ಇದು. ಮುಚ್ಚಿದ್ಯಾರು?"

"ನಾವ್ಯಾರಿಗೂ ಹೇಳಿಲ್ಲಪ್ಪ," ಎಂದರು ಫಾಸೆಟ್.

ದಪ್ಪ ತುಂಡುಗಳು ಕೆಳಗೆ, ಚಕ್ಕೆಗಳು ಗೋಡೆಯ ಹೊಟ್ಟೆಯೊಳಗೆ ಒತ್ತಾಗಿ, ಗೋಡೆಯ ಎರಡೂ ಮೈಯನ್ನು ಹಿಡಿದಿಡುವ ಉದ್ದನೆಯ ಕಲ್ಲು ಅಡ್ಡಡ್ಡ. ಎಲ್ಸಿ ಒಂದನ್ನು ಎಳೆದಳು. ಒಳಮೈಯಲ್ಲಿ ಅಕ್ಷರಗಳಿದ್ದವು.

"ಬೇರೆ ಯಾರಾದ್ರೂ ಆಗಿದ್ರೆ ಹೊಳೆಗೆಸೀತಿದ್ರು ಸರ್. ಒಡೆದ ಕಲ್ಲನ್ನೂ ದಂಡ ಮಾಡೋಕೆ ಮನಸ್ಸು ಬರದೋನು ಈ ಕಣಿವೇಲಿ ಒಬ್ನೇ."

ಸಂಜೆ ಆಂಬ್ರೋಸನ ಮುಂದೆ ಆ ತುಂಡನ್ನಿಟ್ಟರು.

"ಗೋಡೆ ನಿಮ್ಮ ಕೈಕೆಲ್ಸಾನಾ ಯಜಮಾನ್ರೆ?" ಮೆಟ್‌ಕಾಫ್ ಕೇಳಿದ.

"ನೋಡಿದ್ರೆ ಗೊತ್ತಾಗಲ್ವಾ?" ದನಿಯಲ್ಲಿ ಗರ್ವವಿತ್ತು.

"ಒಡೆದಿದ್ಯಾಕೆ? ಜನ ನಗ್ತಾರೆ ಅಂತಾನಾ?"

"ನಗೋರು ನಗ್ಲಿ." ಮುದುಕ ಕಲ್ಲಿನ ಅಂಚನ್ನು ಸವರುತ್ತ ಕೂತ. "ಜೂಡಿತ್ ಮದ್ವೆ ಇಲ್ದೆ ಹೆತ್ಳು. ಅಪ್ಪ ಇಲ್ಲದ ಕೂಸಿಗೆ ನಮ್ಮ ಹೆಸರಿಲ್ಲ ಅಂದೆ. ಕೈಯಿಂದ ಕಿತ್ತು ದತ್ತು ಕೊಡಿಸ್ದೆ. ಭಾನುವಾರ ಬಂದು ಅವಳು ಇದನ್ನ ಓದಿದ್ರೆ, ನಾನೇನು ಹೇಳ್ಲಿ?"

ಮೆಟ್‌ಕಾಫ್ ಬಂಧನದ ಕಾಗದಕ್ಕೆ ಸಹಿ ಹಾಕಿಸಿಕೊಂಡ. ಮನೆಯವರಿಗೆ ತಿಳಿಸಬೇಕಿತ್ತು. ಫೋನಿನಲ್ಲಿ ಜೂಡಿತ್ ಎಲ್ಲವನ್ನೂ ಕೇಳಿಸಿಕೊಂಡಳು. ಕಲ್ಲಿನ ಬರಹವನ್ನು ಇನ್ನೊಮ್ಮೆ ಓದಿಸಿಕೊಂಡಳು.

"ನನ್ನ ಮಗನಿಗೀಗ ಹತ್ತೊಂಬತ್ತು," ಎಂದಳು ಕೊನೆಗೆ. "ಅವನಿಗೇನು ಹೆಸರಿಟ್ಟಿದಾರೋ, ನಂಗಿನ್ನೂ ಗೊತ್ತಿಲ್ಲ."