ಲಂಡನ್ನಿನಿಂದ ಹದಿನೈದೂವರೆ ಗಂಟೆ

ಹಗರೆಯ ಸಣ್ಣತಾಯಮ್ಮ ಬಚ್ಚಿಟ್ಟಿದ್ದ ಚಿನ್ನದ ಸರ ರಾಗಿ ತುಂಬುವ ಮಣ್ಣಿನ ವಾಡೆಯಿಂದ ಮಾಯವಾಗಿತ್ತು. ಸಂಕ್ರಾಂತಿ ಕಳೆದ ಮೊದಲ ಶನಿವಾರ ಮಾಲೇಕಲ್ಲಿನ ದೇವಸ್ಥಾನಕ್ಕೆ ಹೋಗಿದ್ದ ಮುದುಕಿ ಸಂಜೆ ಮರಳಿ ಕೈಯಾಡಿಸಿದಾಗ ಸಿಕ್ಕಿದ್ದು ಬರೀ ರಾಗಿ. ಆ ಜಾಗ ಗೊತ್ತಿದ್ದವರು ಇನ್ನಿಬ್ಬರೇ: ಸೊಸೆ ಲತಾಮಣಿ, ತಂಗಿಯ ಮಗ ಕುಮಾರ. ತಿಂಗಳ ತರಬೇತಿಗೆಂದು ಹೋಗಿದ್ದ ಕುಮಾರ ಅಂದು ಲಂಡನ್ನಿನಿಂದ ಹೊರಟಿದ್ದನಂತೆ. ಉಳಿದವಳು ಲತಾಮಣಿ. ಡೈರಿಗೆ ಹಾಲು ಹಾಕಲು ಹೋಗಿದ್ದೆ, ಬಾಗಿಲಿಗೆ ಬೀಗವಿರಲಿಲ್ಲ ಎಂದರೂ ಅತ್ತೆ ಕಿವಿಗೊಡದೆ ನೆರೆಯವರೆದುರೇ ಕಳ್ಳಿ ಎಂದುಬಿಟ್ಟಳು. ಮಂಗಳವಾರ ಅವಳು ಬಾಣಾವರದ ತವರಿಗೆಂದು ಬಟ್ಟೆ ಕಟ್ಟಿ ಹೊರಟು ನಿಂತಳು.

ಗಂಡ ದೇವರಾಜ್ ಅರಸೀಕೆರೆಯ ಜಾನಕಮ್ಮನವರ ಬಳಿ ಓಡಿದ. ಅವರು ಭೂಗೋಳದ ನಿವೃತ್ತ ಟೀಚರ್. ಸುತ್ತಲಿನ ಹಳ್ಳಿಗಳ ಕಗ್ಗಂಟುಗಳೆಲ್ಲ ಅವರ ಜಗಲಿಗೇ ಬರುತ್ತಿದ್ದವು. ಅವರ ಪಕ್ಕದ ಮನೆಯ ಬೋರಯ್ಯನೂ ಜೊತೆಗೆ ಹಗರೆಗೆ ಹೊರಟ. ಮೂವತ್ತು ವರ್ಷ ಬೇಲೂರು ಬಸ್ಸಿನ ಕಂಡಕ್ಟರ್ ಆಗಿದ್ದವನು. ಹೊತ್ತಿನ ಲೆಕ್ಕದಲ್ಲಿ ತನ್ನನ್ನು ಮೀರಿಸುವವರಿಲ್ಲವೆಂಬ ಜಂಬ ಅವನಿಗೆ.

ಮನೆಯವರು, ನೆರೆಯವರು ಸಣ್ಣತಾಯಮ್ಮನ ಪಡಸಾಲೆಯಲ್ಲಿ ಸೇರಿದರು. ಕುಮಾರ ಕೋಟು ತೊಟ್ಟೇ ಕೂತಿದ್ದ. ಶನಿವಾರ ಅಲ್ಲಿ ಮಧ್ಯಾಹ್ನ ಎರಡಕ್ಕೆ ಹತ್ತಿದವನು ಭಾನುವಾರ ಬೆಳಗಿನ ಐದೂವರೆಗೆ ಬೆಂಗಳೂರಲ್ಲಿ ಇಳಿದೆ ಎಂದ. ನಡುವೆ ಎಲ್ಲೂ ನಿಲ್ಲಿಸಲಿಲ್ಲವಂತೆ.

"ಎಷ್ಟೊತ್ತು ಕೂತಿದ್ದೆಯಪ್ಪಾ?" ಎಂದು ಜಾನಕಮ್ಮ ಕೇಳಿದರು.

"ಹದಿನೈದೂವರೆ ಗಂಟೆ, ಮಿಸ್. ಸೊಂಟವೇ ಬಿದ್ದೋಯ್ತು."

ಬೋರಯ್ಯ ಬೆರಳೆಣಿಸಿ ತಲೆದೂಗಿದ. ಲೆಕ್ಕ ಸರಿಯಾಗಿತ್ತು.

ಜಾನಕಮ್ಮ ಮೂಲೆಯ ತೆಂಗಿನಕಾಯಿ ತರಿಸಿ, ಲಂಡನ್ನಿಗೊಂದು, ಬೆಂಗಳೂರಿಗೊಂದು ಸುಣ್ಣದ ಚುಕ್ಕಿಯಿಟ್ಟು ಭೂಮಿಯಂತೆ ತಿರುಗಿಸಿದರು. ಎರಡೂರಿನ ನಡುವೆ ಎಂಟು ಸಾವಿರ ಕಿಲೋಮೀಟರು. ಗಂಟೆಗೆ ಎಂಟುನೂರರಂತೆ ಹಾರಿದರೆ ಹತ್ತು ಗಂಟೆ. ಸೂರ್ಯ ಮೊದಲು ಹುಟ್ಟುವುದು ನಮ್ಮಲ್ಲಿ. ಚಳಿಗಾಲದಲ್ಲಿ ನಮ್ಮ ಗಡಿಯಾರ ಲಂಡನ್ನಿಗಿಂತ ಐದೂವರೆ ಗಂಟೆ ಮುಂದು.

"ಅಲ್ಲಿ ಎರಡು ಅಂದ್ರೆ ಇಲ್ಲಿ ಸಂಜೆ ಏಳೂವರೆ. ಅಲ್ಲಿಂದ ಐದೂವರೆಗೆ ಹತ್ತೇ ಗಂಟೆ. ನೀನು ಎರಡು ದೇಶದ ಗಡಿಯಾರದ ಹೊತ್ತನ್ನ ಬಸ್ಸಿನ ಹೊತ್ತಿನ ಹಾಗೆ ಒಂದರಿಂದೊಂದು ಕಳೆದಿದ್ದೀಯ. ಕೂತು ಬಂದಿದ್ರೆ ಹೀಗೆ ಹೇಳ್ತಿರಲಿಲ್ಲ. ರೇಖಾಂಶದ ಪಾಠ ನಾನೇ ಮಾಡಿದ್ದೆನಲ್ಲೋ. ಪಾಸ್‌ಪೋರ್ಟ್ ತೋರಿಸು, ಲಂಡನ್ನಿನ ಸೀಲು ಎಲ್ಲೈತೆ ನೋಡೋಣ."

ಬೋರಯ್ಯ ಎಣಿಸಿದ ಬೆರಳುಗಳನ್ನು ಮೆಲ್ಲಗೆ ಮಡಚಿಕೊಂಡ.

ಕುಮಾರ ಎಲ್ಲ ಒಪ್ಪಿಕೊಂಡ. ವೀಸಾ ಸಿಕ್ಕಿರಲೇ ಇಲ್ಲ. ಊರವರು ಆಗಲೇ ಫ್ಲೆಕ್ಸು ಕಟ್ಟಿದ್ದರಿಂದ ಮುಖ ತೋರಿಸಲಾರದೆ ತಿಂಗಳಿಡೀ ತಿಪಟೂರಿನ ಗೆಳೆಯನ ರೂಮಿನಲ್ಲಿದ್ದ. ಶನಿವಾರ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಬಂದು ತೆಗೆದ ಸರವನ್ನು ಮಾರಿ ಈ ಸಲ ನಿಜಕ್ಕೂ ಹೋಗಿಬಿಡೋಣ ಅಂದುಕೊಂಡಿದ್ದನಂತೆ. ಕೋಟಿನ ಒಳಜೇಬಿನಿಂದ ಸರ ತೆಗೆದಿಟ್ಟ. ಕೊಂಡಿಯಲ್ಲಿ ಎರಡು ರಾಗಿಕಾಳು ಸಿಕ್ಕಿಕೊಂಡಿದ್ದವು.

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು," ಎಂದು ಬೋರಯ್ಯ ಗೊಣಗಿದ. ಆದರೆ ಜಾನಕಮ್ಮನವರ ಪಕ್ಕದಲ್ಲಿ ಕೂತಿದ್ದಕ್ಕೆ ಅವನ ಎದೆ ಉಬ್ಬಿತ್ತು. ತಾನು ಸೋತ ಲೆಕ್ಕವನ್ನು ಗೆದ್ದವರು ತನ್ನೂರಿನವರಲ್ಲವೇ!

ಸಣ್ಣತಾಯಮ್ಮ ಅಳುತ್ತ ಸರವನ್ನು ಸೊಸೆಯ ಕೊರಳಿಗೆ ಹಾಕಹೋದಳು. ಲತಾಮಣಿ ಆ ಕೈ ಹಿಡಿದು ತಡೆದಳು.

"ಸರ ಆಮೇಲೆ, ಅತ್ತೆ. ಕಳ್ಳಿ ಅಂದಿದ್ದು ಎಲ್ಲರ ಮುಂದೆ. ಅಲ್ಲ ಅನ್ನೋದನ್ನೂ ಎಲ್ಲರ ಮುಂದೇನೇ ಅನ್ನಿ."

ಮುದುಕಿ ಜನರತ್ತ ತಿರುಗಿದಳು. "ನನ್ನ ಸೊಸೆ ಕಳ್ಳಿ ಅಲ್ಲ. ನಾನೇ ತಪ್ಪಾಡ್ದೆ," ಎಂದು ಬಾಗಿಲಾಚೆಯವರಿಗೂ ಕೇಳುವಂತೆ ಹೇಳಿದಳು.

ಆಮೇಲಷ್ಟೇ ಲತಾಮಣಿ ಕೊರಳು ಬಾಗಿಸಿದಳು.