ಜಪಾನ್ ಮಾಲು

“ನಿನ್ನ ರಂಗೋಲಿ ನವಿಲನ್ನ ಒಂದಿನ ನಡೆಸಿ ತೋರಿಸ್ತೀನಿ. ಆಮೇಲೇ ಹೆಣ್ಣು ಕೇಳೋದು.”

ಸೋದರತ್ತೆ ಮಗ ಶಂಕರಲಿಂಗಪ್ಪ ಕಮಲಾಕ್ಷಿಗೆ ಹೀಗೆ ಮಾತು ಕೊಟ್ಟು, ಟೆಂಟ್ ಸಿನಿಮಾದವರ ಜೊತೆ ಊರೂರು ಅಲೆಯಲು ಹೋಗಿ ವರ್ಷಗಳೇ ಆಗಿದ್ದವು. ಮಧುಗಿರಿಯ ಮನೆ ಬಾಗಿಲಲ್ಲಿ ಅವಳ ನವಿಲು ಬೆಳಿಗ್ಗೆ ಹುಟ್ಟಿ, ಸಂಜೆಗೆ ಯಾರದೋ ಕಾಲಡಿ ಅಳಿಸಿಹೋಗುತ್ತಿತ್ತು. ಕಾದು ಸಾಕಾಗಿ ಅಪ್ಪ ತುಮಕೂರಿನ ಗಂಡಿನವರಿಗೆ ಹೇಳಿಕಳಿಸಿದ್ದರು. ಸೋಮವಾರ ಬರುವವರಿದ್ದರು.

ಶನಿವಾರ ಮಧ್ಯಾಹ್ನ ಶಂಕರಲಿಂಗಪ್ಪ ಬಂದ. ಕಂಕುಳಲ್ಲಿ ತಗಡಿನ ಪೆಟ್ಟಿಗೆ.

“ಏನ್ ಭಾವ, ದಾರಿ ತಪ್ಪಿ ಬಂದ್ರಾ?”

“ಚಿತ್ರ ನಡೆಸೋ ಯಂತ್ರ ಕಣೆ. ಜಪಾನಿಂದು. ಕತ್ತಲೆ ಕೋಣೆ ಬೇಕು.”

“ಜಪಾನ್ ಮಾಲಾ! ನಿಮ್ಮ ಮಾತಿನಂಗೇ. ಮುಟ್ಟಿದ್ರೆ ಮುರೀತದೆ.”

ಅವನ ಮೀಸೆಯ ತುದಿಯಲ್ಲಿ ನಗು ಮೂಡಿತು. ಅವಳು ನೋಡಿಯೂ ನೋಡದವಳಂತೆ ಉಗ್ರಾಣದ ಕಿಟಕಿ ಮುಚ್ಚಿದಳು.

ಅಜ್ಜಿ ಶಿವರುದ್ರಮ್ಮ ಕಡಲೆಕಾಯಿ ಮೊರ ಹಿಡಿದು ಒಳಗೇ ಬಂದು ಕೂತರು. “ಕತ್ತಲೆ ಕೋಣೆ ಅಂತೀಯ. ನಾನೂ ಇರ್ತೀನಿ ಕಣ್ಲಾ.”

ಪೆಟ್ಟಿಗೆಯೊಳಗೆ ದೀಪವಿಟ್ಟು ಅವನು ಹಿಡಿ ತಿರುಗಿಸಿದ. ಬಣ್ಣಬಣ್ಣದ ಕಾಗದದ ಪಟ್ಟಿ ಸರಿಯಿತು. ಸುಣ್ಣದ ಗೋಡೆಯ ಮೇಲೆ ಕೆಂಪು ನರಿಯೊಂದು ಬಂದು ನಿಂತು ಕಿವಿ ಆಡಿಸಿತು.

“ಅಯ್ಯೋ ಶಿವನೇ!” ಅಜ್ಜಿಯ ಮೊರ ಮಗುಚಿತು.

“ನಿಮ್ಮ ಟೆಂಟಲ್ಲಿ ನೋಡಿದ ಅಮೆರಿಕದ ಚಿತ್ರದ ಬೊಂಬೆ ರಬ್ಬರಿನಂಗೆ ಮೈಯೆಲ್ಲ ಕುಣೀತಿತ್ತು,” ಎಂದಳು ಕಮಲಾಕ್ಷಿ. “ಇದು ಕಿವಿ ಒಂದೇ ಆಡಿಸ್ತದೆ.”

“ಮೈಯೆಲ್ಲ ಕುಣಿಸೋಕೆ ಬೇಕಾದಷ್ಟು ಚಿತ್ರ ಬರೆಯೋಕೆ ಕೈ ಸಾಲದೆ ಜಪಾನಿನವರು ಹಂಗೆ ಮಾಡ್ತಾರೆ, ಬಡವರ ಕೆಲಸ ಅಂತಾರೆ.”

“ಅನ್ಲಿ ಬುಡಿ. ಮಿಕ್ಕಿದ್ದೆಲ್ಲ ಸುಮ್ಮನಿರೋದ್ರಿಂದ್ಲೇ ನಮ್ಮ ಕಣ್ಣು ಆ ಕಿವಿ ಮೇಲೆ ನಿಲ್ಲೋದು.”

ಅರೆಬೆಳಕಿನಲ್ಲಿ ಅವಳ ಓಲೆ ಮಾತ್ರ ಅಲುಗುತ್ತಿತ್ತು. ಅವನ ಕಣ್ಣು ಅಲ್ಲೇ ನಿಂತಿತ್ತು. ಗೊತ್ತಾಗಿ ಅವಳು ಓಲೆಯನ್ನು ಬೆರಳಲ್ಲಿ ಹಿಡಿದು ನಿಲ್ಲಿಸಿದಳು.

“ಮೊದಲು ಅಲ್ಲಿಯವರು ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಅಳಿಸಿ, ಮತ್ತೆ ಬರೆದು ಫೋಟೋ ಹಿಡೀತಿದ್ರಂತೆ,” ಎಂದ ಅವನು.

“ನಾನು ಬಾಗಿಲಲ್ಲಿ ದಿನಾ ಮಾಡೋದೂ ಅದೇ ತಾನೆ?”

“ಹೂಂ. ಫೋಟೋ ಹಿಡಿಯೋನು ಊರಲ್ಲಿರಲಿಲ್ಲ ಅಷ್ಟೆ.”

ಚರ್ರನೆ ಕಾಗದ ಹರಿಯಿತು. ಗೋಡೆ ಬರಿದಾಯಿತು.

“ಜಪಾನ್ ಮಾಲು!” ಎಂದರು ಅಜ್ಜಿ.

ಅವನ ಮುಖ ಸಪ್ಪಗಾಯಿತು. “ಕೊನೇಲಿ ನಾನೇ ಬರೆದು ಅಂಟಿಸಿದ್ದು ಒಂದಿತ್ತು ಕಮಲಿ...”

ಅವಳು ಅಡುಗೆಮನೆಗೆ ಓಡಿ ನಾಲ್ಕು ಅನ್ನದ ಅಗುಳು ತಂದು ಹಿಸುಕಿ, ಹರಿದಲ್ಲಿ ಸವರಿ ಒತ್ತಿ ಹಿಡಿದಳು. ಅವನ ಬೆರಳೂ ಅಲ್ಲೇ ಇತ್ತು. ಕಾಗದ ಅಂಟಿದ ಮೇಲೂ ಇಬ್ಬರೂ ಕೈ ತೆಗೆಯಲಿಲ್ಲ.

“ಒಣಗಿರಬೇಕು,” ಎಂದು ಅಜ್ಜಿ ಕೆಮ್ಮಿದರು.

ಹಿಡಿ ತಿರುಗಿತು. ನರಿ ಹೋಯಿತು. ನವಿಲು ಬಂತು. ಅವಳದೇ ನವಿಲು; ಅವಳು ಯಾವತ್ತೂ ಒಂದು ಕಾಲು ಗಿಡ್ಡವಾಗಿ ಎಳೆಯುತ್ತಿದ್ದ ನವಿಲು. ಮೈ, ಗರಿ ಎಲ್ಲ ಸುಮ್ಮನಿದ್ದು ಕಾಲು ಮಾತ್ರ ಎದ್ದಿತು, ಇಳಿಯಿತು.

“ಕುಂಟ್ತಾ ಇದೆಯಲ್ಲ ಭಾವ!”

“ನೀನು ಬರೆದಂಗೇ ಬರೆದೆ. ತಿದ್ದೋಕೆ ಮನಸ್ಸಾಗಲಿಲ್ಲ.”

ಅವಳಿಗೆ ನಗು ಬಂತು. ಜೊತೆಗೇ ಕಣ್ಣೂ ತುಂಬಿತು.

“ಏನಮ್ಮ, ತುಮಕೂರಿನವರಿಗೆ ಏನು ಹೇಳಾನ? ನಿಮ್ಮಪ್ಪನ್ನ ನಾನು ಒಪ್ಪಿಸ್ತೀನಿ, ನೀನು ಬಾಯಿ ಬಿಡು,” ಎಂದರು ಅಜ್ಜಿ.

“ಬರೋದು ಬ್ಯಾಡ ಅಂತ ಹೇಳಜ್ಜಿ.”

ನವಿಲು ಕುಂಟುತ್ತಾ ಗೋಡೆ ದಾಟಿತು. ಶಂಕರಲಿಂಗಪ್ಪ ಅಜ್ಜಿಯ ಮುಂದೆ ಕೂತು ಹೆಣ್ಣು ಕೇಳಿದ. ಕೊಟ್ಟ ಮಾತು ನಡೆಸಿದ.