ಎಡಗಡೆ ಸ್ಟೇರಿಂಗಿನ ಗಾಡಿ

“ನಾ ಒಲ್ಲೆ ಅಂದ್ರ ಈ ಗಾಡಿ ವಾಪಸ್ ಒಯ್ತೀರೇನು?”

ಮುಬಶಿರಾ ಹೀಗೆ ಕೇಳಿದ್ದು ಶಾಲೆಯ ಗೇಟಿನಲ್ಲಿ ನಿಂತು. ಎದುರಿಗೆ ಅತಾವುಲ್ಲಾ. ಅವನ ಬೆನ್ನ ಹಿಂದೆ ಕೆಂಪು ಮಸ್ಟಾಂಗ್, ಐವತ್ತು ವರ್ಷ ದಾಟಿದ ಅಮೆರಿಕದ ಕಾರು. ಉದ್ದ ಮೂತಿ, ಅದರ ಮೇಲೆ ಓಡುವ ಕುದುರೆಯ ಗುರುತು, ಹೊಟ್ಟೆಯೊಳಗೆ ಗುಡುಗು. ನವಲಗುಂದದ ಜನ ಅದನ್ನು ‘ಕುದುರಿ ಗಾಡಿ’ ಅನ್ನುತ್ತಿದ್ದರು.

ಅವಳು ಕಿವುಡ ಮಕ್ಕಳ ಶಾಲೆಯ ಟೀಚರ್. ಅವನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಲಾರಿ ಓಡಿಸುತ್ತಿದ್ದ ಅವನ ಅಬ್ಬಾ ಯಾವ ಕಾಲದಲ್ಲೋ ಮುಂಬೈಯಿಂದ ತಂದ ಕಾರು ಅದು. ಅಬ್ಬಾ ಹೋದ ಮೇಲೆ ಅವನ ಪಾಲಿಗೆ ಬಂದಿತ್ತು.

ಹೋದ ತಿಂಗಳು ಅವನ ಖಾಲಾ, ಅಂದರೆ ಚಿಕ್ಕಮ್ಮ, ರಹೀಮಾಬಿ ಮುಬಶಿರಾಳ ಮನೆಗೆ ಬಂದು, ನಿಮ್ಮ ಹುಡುಗೀನ್ನ ನಮ್ಮ ಹುಡುಗಗ ಕೊಡ್ರಿ ಎಂದು ಕೇಳಿದ್ದಳು. ಮುಬಶಿರಾ, ವಿಚಾರ ಮಾಡಿ ಹೇಳ್ತೇನಿ ಅಂದಿದ್ದಳು. ಅವಳಿನ್ನೂ ಉತ್ತರ ಕೊಟ್ಟಿರಲೇ ಇಲ್ಲ. ಅಷ್ಟರಲ್ಲಿ ಅತಾವುಲ್ಲಾ ಹೆಡ್ ಮೇಡಂ ಹತ್ತಿರ ಬಂದು, ಕಾರನ್ನು ಶಾಲೆಗೆ ಕೊಡ್ತೇನಿ, ಮಾರಿ ಹಳ್ಳಿ ಮಕ್ಕಳಿಗೆ ಒಂದು ವ್ಯಾನ್ ತಗೋರಿ ಅಂದುಬಿಟ್ಟಿದ್ದ.

“ಊರಾಗ ಏನಂತಾರ ಗೊತ್ತೈತೇನ್ರಿ? ನಿಕಾಹ್ ಆಗೂಕಿಂತ ಮೊದಲ ಟೀಚರಮ್ಮಗ ಗಂಡಿನ ಕಡಿಂದ ಮಹರ್ ಬಂತು ಅಂತಾರ.”

ಅವನ ಮುಖ ಬಿಳಿಚಿತು. “ನಾ ಹಂಗ ವಿಚಾರ ಮಾಡಿರಲಿಲ್ರಿ,” ಅಂದ.

ಸಿಟ್ಟಿನ ಅಡಿಯಲ್ಲಿ ಅವಳಿಗೆ ಭಯವಿತ್ತು. ಅವಳ ಉತ್ತರ ಹೂಂ ಎಂಬುದರ ತೀರ ಹತ್ತಿರ ಬಂದಿತ್ತು. ಈಗ ಹೂಂ ಅಂದರೆ, ಅದು ಕಾರಿಗಲ್ಲ, ಅವನಿಗೆ ಎಂದು ಯಾರು ನಂಬುತ್ತಾರೆ?

ಮರುದಿನ ರಹೀಮಾಬಿ ಮತ್ತೆ ಮನೆಗೆ ಬಂದಳು. ಮುಖ ಸಣ್ಣಗಾಗಿತ್ತು.

“ಹುಡುಗ ಮಾತು ವಾಪಸ್ ತಗೊಂಡಾನವಾ. ಗಾಡಿ ಸಾಲೀಗೇ ಕೊಡ್ತಾನಂತ. ನಿಕಾಹದ ಮಾತು ಬಿಟ್ಟೇವಿ ಅಂತ ಹೇಳಿ ಬಾ ಅಂದ.”

ಅಡುಗೆಮನೆಯಲ್ಲಿ ಹಾಲು ಉಕ್ಕಿ ಹರಿಯಿತು. ಮುಬಶಿರಾ ಅದನ್ನು ನೋಡುತ್ತಲೇ ನಿಂತಿದ್ದಳು. ಅವಳು ಕೇಳಿದ್ದೇ ಸಿಕ್ಕಿತ್ತು. ಮತ್ತೆ ಎದೆಯೊಳಗೆ ಯಾಕೆ ಹೀಗೆ ಬಣಬಣ ಅನ್ನುತ್ತಿದೆ?

ಧಾರವಾಡದಲ್ಲಿ ಕಾರಿಗೆ ಗಿರಾಕಿ ಸಿಕ್ಕಿತು. ಶಾಲೆಯ ಪರವಾಗಿ ಒಬ್ಬರು ಇರಬೇಕಲ್ಲ, ಹೆಡ್ ಮೇಡಂ ಮುಬಶಿರಾಳನ್ನೇ ಕಳಿಸಿದರು. ಗಂಡು ಹೆಣ್ಣು ಇಬ್ಬರೇ ಹೋಗುವುದು ಚಂದವಲ್ಲ ಎಂದು ರಹೀಮಾಬಿ ಹಿಂದಿನ ಸೀಟಿನಲ್ಲಿ ತೂರಿಕೊಂಡಳು.

“ಹಿಂದ ಬಾಗಲಾನ ಇಲ್ಲಲ್ಲೋ ಇದಕ್ಕ! ಏನ್ ಅಮೆರಿಕಾದವ್ರೋ!” ಎಂದು ಗೊಣಗಿದವಳು ಹೊಲ ಶುರುವಾಗುವ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದಳು.

ಸ್ಟೇರಿಂಗ್ ಎಡಗಡೆ. ಹಾಗಾಗಿ ಮುಬಶಿರಾ ಬಲಗಡೆ, ನಮ್ಮ ಕಡೆಯ ಎಲ್ಲ ಕಾರುಗಳಲ್ಲಿ ಡ್ರೈವರ್ ಕೂರುವ ಜಾಗದಲ್ಲಿ. ಮೊರಬದ ಹತ್ತಿರ ಹತ್ತಿ ಹೇರಿಕೊಂಡ ಟ್ರ್ಯಾಕ್ಟರ್ ಅಡ್ಡ ಸಿಕ್ಕಿತು. ಅತಾವುಲ್ಲಾ ಕತ್ತು ಚಾಚಿದ, ಕಾಣಲಿಲ್ಲ.

“ಇಲ್ಲಿಂದ ನನಗ ಮುಂದಿನ ರಸ್ತೆ ಕಾಣೂದಿಲ್ರಿ. ನೀವ ನೋಡಿ ಹೇಳಬೇಕು.”

“ನಾನಾ?”

“ಅಬ್ಬಾನ ಬಾಜು ನಾ ಕೂತು ಹೇಳ್ತಿದ್ದೆ.”

ಅವಳು ಕಿಟಕಿಯಿಂದ ಬಾಗಿ ನೋಡಿದಳು. ಎದುರಿಗೆ ಬಸ್ಸು. “ನಿಂದರ್ರಿ!” ಬಸ್ಸು ಗಾಳಿ ಬೀಸಿ ಹೋಯಿತು. ರಸ್ತೆ ಖಾಲಿ. ನಿಜವಾಗಿ ಖಾಲಿಯೇ? ಮತ್ತೊಮ್ಮೆ ನೋಡಿದಳು. “ಹೋಗ್ರಿ.”

ಒಂದು ಕ್ಷಣವೂ ತಡೆಯದೆ ಅವನು ಹೊರಳಿಸಿದ. ತಾನೇ ಕಂಡಂತೆ. ಅವಳ ಮೈ ಜುಮ್ಮೆಂದಿತು.

“ತಪ್ಪು ಹೇಳಿದ್ದರ?”

“ನೀವು ಎರಡ ಸಲ ನೋಡಿದ್ರಿ. ನಾ ನಿಮ್ಮನ್ನ ನೋಡಾಕತ್ತಿದ್ದೆ.” ಹೇಳಿ ಆದ ಮೇಲೆ ಅವನ ಕಿವಿ ಕೆಂಪಾಯಿತು. ರಸ್ತೆಯ ಕಡೆ ಮುಖ ತಿರುಗಿಸಿಕೊಂಡ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು. “ಖರೇ ಹೇಳ್ರಿ. ಯಾಕ ಕೊಡಾಕತ್ತೀರಿ?”

“ನಮ್ಮ ರೇಷ್ಮಾಬಿಗೆ ಕಿವಿ ಕೇಳ್ಸೂದಿಲ್ರಿ. ನನ್ನ ತಂಗಿ. ಸಣ್ಣಾಕಿ ಇದ್ದಾಗ ಇದರ ಬಾನೆಟ್ ಮ್ಯಾಲ ಅಂಗೈ ಇಟ್ಟು, ಎಂಜಿನ್ ನಡುಗಿದ್ರ ನಗ್ತಿದ್ಲು. ಊರ ಮಂದಿ ಮದುವಿಗೆಲ್ಲಾ ಈ ಗಾಡಿ ಹೋತು. ಆಕೀನ್ನ ಸಾಲಿಗೆ ಒಯ್ಯಾಕ ಮಾತ್ರ ಯಾರಿಗೂ ಪುರುಸೊತ್ತು ಆಗಲಿಲ್ಲ.” ಅವನ ದನಿ ತಗ್ಗಿತು. “ಈಗ ಕಲಘಟಗಿಯೊಳಗ ಗಂಡನ ಮನ್ಯಾಗ ಆರಾಮ ಅದಾಳ. ಆದರ ತನ್ನ ಹೆಸರು ಬರಿಯಾಕ ಬರೂದಿಲ್ಲ.”

“ಇದನ್ನ ಗೇಟಿನ್ಯಾಗ ಹೇಳಬೇಕಿತ್ತಲ್ಲ!”

“ಹೇಳಿದ್ರ ನೀವು ಮರುಗಿ ಹೂಂ ಅಂತಿದ್ರಿ. ಅದೂ ಬ್ಯಾಡಾಗಿತ್ತು.”

ಮುಬಶಿರಾ ಕಿಟಕಿಯ ಹೊರಗೆ ನೋಡಿದಳು. ಕರಿ ಹೊಲಗಳು ಕಣ್ಣೀರಿನಲ್ಲಿ ಕದಡಿದವು. ಈಗ ಕೇಳಬಹುದು ಇವನು. ಈಗಲಾದರೂ ಕೇಳಲಿ. ಅವನು ಕೇಳಲಿಲ್ಲ.

ಧಾರವಾಡದಲ್ಲಿ ಅವನು ಚಾವಿಯನ್ನು ಅವಳ ಕೈಗಿಟ್ಟ. ಅವಳು ಅದನ್ನು ಗಿರಾಕಿಗೆ ಕೊಟ್ಟಳು. ಕಾರು ತಿರುವಿನಲ್ಲಿ ಮರೆಯಾಯಿತು. ಎಂಜಿನ್ನಿನ ಸದ್ದು ಪೂರ್ತಿ ಅಡಗುವವರೆಗೂ ಅವನು ನಿಂತೇ ಇದ್ದ.

ಬಸ್‌ಸ್ಟ್ಯಾಂಡಿನಲ್ಲಿ ರಹೀಮಾಬಿ ಬಾಳೆಹಣ್ಣು ತರಲು ಹೋದಳು. ನವಲಗುಂದದ ಬಸ್ಸು ಈಗಲೋ ಆಗಲೋ ಬರಬೇಕು. ಬಂದರೆ ಹೆಂಗಸರು ಮುಂದೆ, ಗಂಡಸರು ಹಿಂದೆ. ಆಮೇಲೆ ಅವನು ಅಂಗಡಿಗೆ, ಅವಳು ಶಾಲೆಗೆ. ನಿಕಾಹದ ಮಾತು ಬಿಟ್ಟೆ ಎಂದವನು ಇನ್ನೆಂದೂ ಕೇಳುವುದಿಲ್ಲ.

“ಈಗ ನಿಮ್ಮ ಹತ್ರ ಏನೂ ಉಳಿಲಿಲ್ಲಲ್ರಿ,” ಅಂದಳು.

“ಅಂಗಡಿ ಐತ್ರಿ,” ಅಂದ ಅವನು ಅಗದಿ ಗಂಭೀರವಾಗಿ.

ನಗು ಬಂತು ಅವಳಿಗೆ. ನಗು ನಿಂತಾಗ ಹೆದರಿಕೆ ಇಮ್ಮಡಿಯಾಗಿತ್ತು.

“ಶುಕ್ರವಾರ ಮನ್ಯಾಗ ಇರ್ತೀರೇನು?”

“ಯಾಕ್ರಿ?”

“ನಮ್ಮ ಅಮ್ಮೀನ್ನ ಕಳಸ್ತೇನಿ. ನಿಮ್ಮನ್ನ ಕೇಳಾಕ.”

“ಏನು ಕೇಳಾಕ್ರಿ?”

ತಿಳಿಯದವನಂತೆ ಕಣ್ಣರಳಿಸಿ ನಿಂತಿದ್ದಾನೆ! ಮುಬಶಿರಾ ಓಡಿಹೋಗಬೇಕೆಂದುಕೊಂಡಳು. ಕಾಲು ಕದಲಲಿಲ್ಲ. “ನಿಮ್ಮ ಹುಡುಗನ್ನ ನಮ್ಮ ಹುಡುಗಿಗೆ ಕೊಡ್ರಿ, ಅಂತ ಕೇಳಾಕ. ಬ್ಯಾಡ ಅನ್ನೂದಿದ್ರ ಈಗ ಹೇಳಿಬಿಡ್ರಿ. ಅಮ್ಮಿ ಸುಮ್ನ ಅಷ್ಟು ದೂರ ನಡಿಯೂದು ಬ್ಯಾಡ.”

ಬಸ್ಸು ಹಾರನ್ ಹೊಡೆಯುತ್ತ ಒಳಗೆ ಬಂತು. ಜನ ನುಗ್ಗಿದರು, ಯಾರೋ ಟವೆಲ್ ಎಸೆದು ಸೀಟು ಹಿಡಿದರು. ಅವನಿನ್ನೂ ಸುಮ್ಮನೆ ನಿಂತಿದ್ದ. ಅವಳು ಮುಖ ಕೆಳಗೆ ಹಾಕಿದಳು. ಆಯಿತು, ಎಲ್ಲ ಮುಗಿಯಿತು ಅಂದುಕೊಂಡಳು.

“ಶುಕ್ರವಾರದ ತನಕ ಯಾಕ್ರಿ?” ಅವನ ದನಿ ಒಡೆದಿತ್ತು. “ನಾಳೆನ ಕಳಸ್ರಿ ಅಮ್ಮೀನ್ನ.”

ಅವಳು ತಲೆಯೆತ್ತಿದಳು. ಅವನ ಕಣ್ಣು ತುಂಬಿ ಹೊಳೆಯುತ್ತಿತ್ತು.

ಬಾಳೆಹಣ್ಣು ಹಿಡಿದು ಬಂದ ರಹೀಮಾಬಿ ಅವನ ಮುಖ ನೋಡಿ ಗಾಬರಿಯಾದಳು. “ಯಾಕೋ, ಅಳಾಕತ್ತೀಯಲ್ಲೋ! ಗಾಡಿ ಹೋತಂತೇನು?”

“ಹೌದು ಖಾಲಾ,” ಅಂದ ಅತಾವುಲ್ಲಾ, “ಗಾಡಿ ಸಲುವಾಗೇ.”

ಮುಬಶಿರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಸ್ಸಿನ ಮೆಟ್ಟಿಲು ಹತ್ತಿದಳು.